ಹಬ್ಬದ ತಾರೀಖು ಬಿಡಿ, ಹೊಲ ನೋಡಿ

ಪ್ರಶ್ನೆ: ನಾವು ಸಿಯಾಟಲ್ ಪಕ್ಕದ ರೆಡ್ಮಂಡ್‌ನಲ್ಲಿದ್ದೇವೆ. ಹಾಸನದಿಂದ ಅಪ್ಪ, ಅಮ್ಮ ಬಂದಿದ್ದಾರೆ. ಮೇ ಮೊದಲ ವಾರ ಊರಿಗೆ ಹೊರಡುತ್ತಾರೆ. ಅಷ್ಟರಲ್ಲಿ ಅವರಿಗೆ ಸ್ಕ್ಯಾಜಿಟ್ ಕಣಿವೆಯ ಟ್ಯುಲಿಪ್ ಹಬ್ಬ ತೋರಿಸಬೇಕು. ಹೋದ ವರ್ಷ ಏಪ್ರಿಲ್ ಕೊನೆಯ ಶನಿವಾರ ನಾನು, ನನ್ನ ಹೆಂಡತಿ ಹೋಗಿದ್ದೆವು. ಇನ್‌ಸ್ಟಾಗ್ರಾಮ್‌ನಲ್ಲಿ ನೋಡಿ ಮ್ಯಾಪ್‌ನಲ್ಲಿ ಗುರುತು ಮಾಡಿಕೊಂಡಿದ್ದ ಹೊಲದಲ್ಲಿ ಟ್ಯುಲಿಪ್ಪೇ ಇರಲಿಲ್ಲ. ಇನ್ನೊಂದು ಕಡೆ ಹೂವಿನ ತಲೆಗಳನ್ನೆಲ್ಲ ಕತ್ತರಿಸಿ ನೆಲಕ್ಕೆ ಹಾಕಿದ್ದರು. ಸಿಕ್ಕ ಫೋಟೋಗಳಲ್ಲೂ ಕೆಂಪು ಹೂಗಳೆಲ್ಲ ಒಂದೇ ಮುದ್ದೆಯಾಗಿ ಬಂದವು, ಎಸಳೇ ಕಾಣುವುದಿಲ್ಲ. ಅಮ್ಮನಿಗೆ ಮಂಡಿನೋವು, ಜಾಸ್ತಿ ನಡೆಯಲಾರರು. ನನ್ನ ಹತ್ತಿರ ಫುಲ್ ಫ್ರೇಮ್ ಮಿರರ್‌ಲೆಸ್ ಕ್ಯಾಮೆರಾ, 24-105 ಲೆನ್ಸ್ ಇದೆ. ಅಪ್ಪನ ಹತ್ತಿರ ಫೋನ್. ಯಾವಾಗ ಹೋಗಬೇಕು, ಹೇಗೆ ತೆಗೆಯಬೇಕು?

ಉತ್ತರ: ಹೂ ಸಿಗದ ಹೊಲ, ತಲೆ ಕತ್ತರಿಸಿದ ಹೂ, ಎರಡಕ್ಕೂ ಕಾರಣ ಒಂದೇ: ಬೇಸಾಯ. ಸ್ಕ್ಯಾಜಿಟ್‌ನ ಹೊಲಗಳಲ್ಲಿ ರೈತ ಕಾಯುತ್ತಿರುವುದು ನೆಲದಡಿಯ ಗೆಡ್ಡೆಗೆ. ಗೆಡ್ಡೆ ಬಲಿಯಬೇಕಾದರೆ ಗಿಡದ ಸತ್ವ ಬೀಜ ಕಟ್ಟುವುದಕ್ಕೆ ಹೋಗಬಾರದು. ಹಾಗಾಗಿ ಹೂ ಅರಳಿ ಸ್ವಲ್ಪ ದಿನಕ್ಕೆ ತಲೆ ಕತ್ತರಿಸಿ, ಎಲೆಯನ್ನು ಮಾತ್ರ ಉಳಿಸುತ್ತಾರೆ. ಆ ಎಲೆ ಬಿಸಿಲು ಕುಡಿದು ಒಣಗಿದ ಮೇಲೆ, ಜೂನ್-ಜುಲೈ ಹೊತ್ತಿಗೆ, ಗೆಡ್ಡೆ ಕೀಳುತ್ತಾರೆ. ನೋಡಲು ಹೋದವರಿಗೆ ಹೊಟ್ಟೆ ಉರಿಯುತ್ತದೆ, ನಿಜ. ಆದರೆ ಅವರ ವರ್ಷದ ಲೆಕ್ಕ ನಿಂತಿರುವುದು ಆ ಕತ್ತರಿಯ ಮೇಲೆ. ಮಾರುಕಟ್ಟೆಗೆ ಹೋಗುವ ಹೂವನ್ನಂತೂ ಮೊಗ್ಗಿನಲ್ಲೇ ಕೊಯ್ದುಬಿಡುತ್ತಾರೆ.

ಮ್ಯಾಪ್‌ನ ಗುರುತು ಕೈಕೊಟ್ಟಿದ್ದೂ ಬೇಸಾಯದ ಕಾರಣಕ್ಕೇ. ಒಂದೇ ನೆಲದಲ್ಲಿ ವರ್ಷ ವರ್ಷ ಟ್ಯುಲಿಪ್ ಹಾಕಿದರೆ ಬೂಷ್ಟಿನ ರೋಗ ಮಣ್ಣಿನಲ್ಲೇ ಬೀಡುಬಿಡುತ್ತದೆ. ಅದಕ್ಕೆ ಬೆಳೆ ಸರದಿ ಮಾಡುತ್ತಾರೆ. ಈ ವರ್ಷ ಟ್ಯುಲಿಪ್ ಇದ್ದಲ್ಲಿ ಮುಂದಿನ ವರ್ಷ ಬೇರೇನೋ ಇರುತ್ತದೆ. ಟ್ಯುಲಿಪ್ ಎರಡು ರಸ್ತೆ ಆಚೆ ಹೋಗಿರುತ್ತದೆ. ಹಳೆಯ ಫೋಟೋ ನೋಡಿ ಜಾಗ ಹುಡುಕುವುದು ದಂಡ. ಹಬ್ಬದವರು ಪ್ರತಿ ವರ್ಷ ಹೊಸ ನಕ್ಷೆ ಹಾಕುತ್ತಾರೆ, ಯಾವ ಹೊಲ ಎಷ್ಟು ಅರಳಿದೆ ಎಂದು ತೋಟದವರೂ ತಮ್ಮ ಪುಟಗಳಲ್ಲಿ ತಿಳಿಸುತ್ತಿರುತ್ತಾರೆ. ಅದನ್ನು ನೋಡಿ ಹೊರಡಿ.

ಈಗ ದಿನದ ವಿಚಾರ. ಹಬ್ಬ ಶುರುವಾದದ್ದು 1984ರಲ್ಲಿ; ಏಪ್ರಿಲ್ 1ರಿಂದ 30 ಅಂತ ಅದರ ಲೆಕ್ಕ. ಹೂವಿಗೆ ಆ ಲೆಕ್ಕ ಗೊತ್ತಿಲ್ಲ. 2020ರಲ್ಲಿ ಕೋವಿಡ್ ಬಂದು ಹಬ್ಬ ರದ್ದಾಯಿತು, ಹೊಲ ತನ್ನ ಪಾಡಿಗೆ ಅರಳಿತು. ನಿಮ್ಮ ತಂದೆಯವರಿಗೆ ಇದನ್ನು ವಿವರಿಸುವುದು ಸುಲಭ: ಸಕಲೇಶಪುರದ ಕಾಫಿ ತೋಟ ಹೂಮಳೆ ಬಿದ್ದ ಎಂಟೊಂಬತ್ತು ದಿನಕ್ಕೆ ಬೆಳ್ಳಗಾಗುತ್ತದೆಯೇ ಹೊರತು ಕ್ಯಾಲೆಂಡರ್ ನೋಡಿ ಅಲ್ಲ. ಟ್ಯುಲಿಪ್ಪಿಗೆ ಮಳೆಯ ಬದಲು ಚಳಿ-ಬಿಸಿಯ ಲೆಕ್ಕ. ಮಾರ್ಚ್ ಬೆಚ್ಚಗಿದ್ದರೆ ಹಬ್ಬ ಶುರುವಾಗುವ ಮೊದಲೇ ಬಣ್ಣ ಬಂದುಬಿಡುತ್ತದೆ. ಚಳಿ ಎಳೆದರೆ ಏಪ್ರಿಲ್ ಮೊದಲ ವಾರ ಬರೀ ಹಸಿರು ಮೊಗ್ಗು, ಪಕ್ಕದಲ್ಲಿ ಹಳದಿ ಡ್ಯಾಫೊಡಿಲ್. ಮಾಮೂಲಿ ವರ್ಷದಲ್ಲಿ ಏಪ್ರಿಲ್ ಎರಡನೇ, ಮೂರನೇ ವಾರ ನಂಬಬಹುದು. ಬೇಗ ಅರಳುವ, ನಡುವೆ ಅರಳುವ, ತಡವಾಗಿ ಅರಳುವ ತಳಿಗಳನ್ನೆಲ್ಲ ಹಾಕಿರುತ್ತಾರೆ, ಆದ್ದರಿಂದ ಎಲ್ಲ ಒಂದೇ ದಿನ ಮುಗಿಯುವುದಿಲ್ಲ. ಆದರೆ ದೊಡ್ಡ ಹೊಲಗಳಲ್ಲಿ ಬಣ್ಣದ ಪಟ್ಟಿಗಳು ಒಂದರ ಪಕ್ಕ ಒಂದು ತುಂಬಿ ನಿಲ್ಲುವ ಕಾಲ ಹೆಚ್ಚೆಂದರೆ ಹತ್ತು ಹನ್ನೆರಡು ದಿನ. ಏಪ್ರಿಲ್ ಕೊನೆಯ ಶನಿವಾರ ಅದರ ಬಾಲ.

ನನ್ನ ಸಲಹೆ: ಏಪ್ರಿಲ್ 10ರಿಂದ 22ರ ನಡುವೆ, ಶನಿವಾರ-ಭಾನುವಾರ ಬಿಟ್ಟು, ಯಾವುದಾದರೂ ಎರಡು ದಿನಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಆಫೀಸಿನಲ್ಲಿ ಅರ್ಧ ದಿನ ರಜೆ ಹೇಳಿಡಿ. ಟಿಕೆಟ್ಟನ್ನು ದಿನ ಹತ್ತಿರ ಬಂದಾಗ, ಹೊಲದ ಸ್ಥಿತಿ ನೋಡಿ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಿ. ವಾರಾಂತ್ಯದ ಟಿಕೆಟ್ ಬೇಗ ಖಾಲಿಯಾಗುತ್ತದೆ, ಅದಕ್ಕೆ ಜನ ವಾರಗಟ್ಟಲೆ ಮುಂಚೆ ಕೊಂಡು ಆಮೇಲೆ ಮಳೆಯಲ್ಲಿ ಸಿಕ್ಕಿಕೊಳ್ಳುತ್ತಾರೆ. ವಾರದ ದಿನಗಳಲ್ಲಿ ಆ ತಾಪತ್ರಯ ಕಡಿಮೆ. ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಐ-5 ಹೆದ್ದಾರಿಯ 226ನೇ ಎಕ್ಸಿಟ್‌ನಲ್ಲಿ ಇಳಿದು ಮೌಂಟ್ ವರ್ನನ್ ಊರೊಳಗೆ ಹೋಗುವ ಸಾಲಿನಲ್ಲಿ ನಿಂತರೆ, ಹೂವಿಗಿಂತ ಮುಂದಿನ ಕಾರಿನ ನಂಬರ್ ಪ್ಲೇಟನ್ನೇ ಜಾಸ್ತಿ ಹೊತ್ತು ನೋಡಬೇಕಾಗುತ್ತದೆ. ದಕ್ಷಿಣದಿಂದ ಬರುವ ನಿಮಗೆ 221ನೇ ಎಕ್ಸಿಟ್‌ನಲ್ಲಿ ಇಳಿದು ಕಾನ್ವೇ ಮೇಲೆ ಲಾ ಕಾನರ್ ಕಡೆಗೆ ಹೋಗುವ ದಾರಿ ಒಳ್ಳೆಯದು. ಫರ್ ಐಲ್ಯಾಂಡ್ ಕಡೆಗೆ ಒಂದು ಸುತ್ತು ಹಾಕಿದರೆ, ಏಪ್ರಿಲ್ ಮೊದಲರ್ಧದಲ್ಲಿ ಅದೃಷ್ಟವಿದ್ದವರಿಗೆ ಹಿಮಬಾತುಗಳ ದೊಡ್ಡ ಹಿಂಡು ಇನ್ನೂ ಹೊಲದಲ್ಲಿ ಇಳಿದಿರುತ್ತದೆ. ರಷ್ಯಾದ ರ‍್ಯಾಂಗಲ್ ದ್ವೀಪದಲ್ಲಿ ಮೊಟ್ಟೆಯಿಟ್ಟು ಚಳಿಗಾಲ ಕಳೆಯಲು ಇಲ್ಲಿಗೆ ಬರುವ ಹಕ್ಕಿಗಳು ಅವು. ಹಿಂಡು ಒಮ್ಮೆಲೇ ಏಳುವಾಗಿನ ಸದ್ದು ಅಮ್ಮನಿಗೆ ಟ್ಯುಲಿಪ್ಪಿಗಿಂತ ಹೆಚ್ಚು ಹಿಡಿಸಿದರೂ ಆಶ್ಚರ್ಯವಿಲ್ಲ.

ಎಲ್ಲಿಗೆ? ಮೊದಲ ಸಲ ಬಂದವರಿಗೆ, ಅದರಲ್ಲೂ ಮಂಡಿನೋವಿನವರಿಗೆ, ರೂಝನ್‌ಗಾರ್ಡ್ ಅನ್ನುತ್ತೇನೆ. 1947ರಲ್ಲಿ ಹಾಲೆಂಡಿನಿಂದ ಬಂದ ವಿಲಿಯಂ ರೂಝನ್ ಅವರ ಕುಟುಂಬದ ವಾಷಿಂಗ್ಟನ್ ಬಲ್ಬ್ ಕಂಪನಿಗೆ ಸೇರಿದ ಜಾಗ ಅದು. ಹೊಲದ ಜೊತೆಗೇ ಗಾಳಿಯಂತ್ರವಿರುವ ಒಂದು ಪ್ರದರ್ಶನ ತೋಟವನ್ನೂ ಬೆಳೆಸಿದ್ದಾರೆ. ತೋಟದೊಳಗಿನ ದಾರಿ ಕಾಲಿಗೆ ಹಿತ, ಹೂವು ಹತ್ತಿರ, ಕೂರುವುದಕ್ಕೂ ಜಾಗ ಸಿಗುತ್ತದೆ. ಅಮ್ಮ ಅಲ್ಲಿದ್ದರೆ ನೀವು ನಿಶ್ಚಿಂತೆಯಿಂದ ಹೊಲದ ಕಡೆಗೆ ಹೋಗಿ ಬರಬಹುದು. ಟ್ಯುಲಿಪ್ ಟೌನ್‌ನಲ್ಲಿ ಹೊಲದ ಸುತ್ತ ಟ್ರಾಲಿಯಲ್ಲಿ ಕೂರಿಸಿಕೊಂಡು ಹೋಗುವ ವಾಡಿಕೆಯಿದೆ. ನೀವು ಹೋಗುವ ದಿನ ಅದು ಓಡುತ್ತಿದೆಯೇ ಎಂದು ಕೇಳಿಕೊಂಡರೆ ಅಮ್ಮನಿಗೆ ಅದೂ ಅನುಕೂಲ. ಒಂದೇ ದಿನ ಎರಡೆರಡು ತೋಟಕ್ಕೆ ಟಿಕೆಟ್ ಮಾಡಬೇಡಿ. ದೊಡ್ಡವರಿಗೆ ಸುಸ್ತು, ನಿಮಗೆ ಗಡಿಬಿಡಿ, ಎರಡೂ ಕಡೆ ಅರ್ಧಂಬರ್ಧ.

ಒಂದು ಮಾತನ್ನು ಕಾರಿನಲ್ಲೇ ಹೇಳಿಟ್ಟುಬಿಡಿ. ಗುಂಡ್ಲುಪೇಟೆ ರಸ್ತೆಯಲ್ಲಿ ರೈತರ ಕೈಗೆ ಒಂದಿಷ್ಟು ದುಡ್ಡು ಕೊಟ್ಟು ಸೂರ್ಯಕಾಂತಿ ಹೊಲದೊಳಗೆ ಇಳಿದು ಫೋಟೋ ತೆಗೆಸಿಕೊಂಡ ಅಭ್ಯಾಸ ನಮ್ಮಲ್ಲಿ ಬಹಳ ಜನಕ್ಕಿದೆ. ಇಲ್ಲಿ ಅದು ನಡೆಯುವುದಿಲ್ಲ. ಸಾಲಿನೊಳಗೆ ಕಾಲಿಟ್ಟರೆ ಮುರಿಯುವುದು ಎಲೆ, ಎಲೆ ಮುರಿದರೆ ಸೊರಗುವುದು ಗೆಡ್ಡೆ. ಜೊತೆಗೆ ಚಪ್ಪಲಿಯ ಕೆಸರಿನಲ್ಲಿ ರೋಗವೂ ಒಂದು ಹೊಲದಿಂದ ಇನ್ನೊಂದಕ್ಕೆ ಸವಾರಿ ಮಾಡುತ್ತದೆ. ಬಿಟ್ಟಿರುವ ದಾರಿಯಲ್ಲೇ ನಡೆಯಿರಿ. ರಸ್ತೆಬದಿಯಲ್ಲಿ ಬೇಲಿಯಿಲ್ಲದ ಹೊಲ ಕಂಡರೂ ಅದು ಖಾಸಗಿ ಜಮೀನು. ರಸ್ತೆಗಳು ಕಿರಿದು, ಪಕ್ಕದಲ್ಲಿ ಕಾಲುವೆ. ಕಾರು ಓರೆಗೆ ನಿಲ್ಲಿಸಿ ಇಳಿಯುವ ಯೋಚನೆ ಬೇಡ. ಡ್ರೋನ್ ಮನೆಯಲ್ಲೇ ಇರಲಿ. ಕೆಲಸ ಮಾಡುತ್ತಿರುವ ಕೂಲಿಯವರ ಮುಖ ತೆಗೆಯುವ ಮುಂಚೆ ಕೈ ಎತ್ತಿ ಕೇಳಿ. ಬಗ್ಗಿ ಹೂ ಕೊಯ್ಯುತ್ತಿರುವವರಿಗೆ ನಮ್ಮ ಕ್ಯಾಮೆರಾ ಒಂದು ಹಬ್ಬವಲ್ಲ.

ಹೊತ್ತು ಯಾವುದು ಒಳ್ಳೆಯದು? ಏಪ್ರಿಲ್ ನಡುವಿನಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಆರೂಕಾಲು ದಾಟಿದ ಮೇಲೆ, ಮುಳುಗುವುದು ಹೆಚ್ಚುಕಡಿಮೆ ಎಂಟಕ್ಕೆ. ತೋಟಗಳ ಬಾಗಿಲು ಸೂರ್ಯೋದಯಕ್ಕೆ ತೆಗೆಯುವುದಿಲ್ಲ. ಕೆಲವು ತೋಟಗಳು ಕೆಲವು ವರ್ಷ ಛಾಯಾಗ್ರಾಹಕರಿಗೆಂದೇ ಬೆಳಗಿನ ಬೇರೆ ಟಿಕೆಟ್ ಕೊಟ್ಟಿದ್ದಿದೆ. ಆದರೆ ದೊಡ್ಡವರನ್ನು ಕರೆದುಕೊಂಡು ನಾಲ್ಕು ಗಂಟೆಗೆ ಎದ್ದು ಹೊರಡುವ ಸಾಹಸ ಬೇಡ. ನಿಮಗೆ ಹೇಳಿ ಮಾಡಿಸಿದ್ದು ಇಳಿಹೊತ್ತು. ಮಧ್ಯಾಹ್ನ ಮನೆಯಲ್ಲೇ ಊಟ ಮಾಡಿ ಹೊರಟು, ಮೂರೂವರೆಗೆ ಅಲ್ಲಿದ್ದು, ಬಾಗಿಲು ಹಾಕುವವರೆಗೆ ಇರಿ. ನಾಲ್ಕರ ಮೇಲೆ ಜನ ಕರಗುತ್ತಾರೆ, ಬಿಸಿಲು ಓರೆಯಾಗುತ್ತದೆ. ಎಷ್ಟಕ್ಕೆ ಬಾಗಿಲು ಹಾಕುತ್ತಾರೆಂದು ಮಾತ್ರ ಮೊದಲೇ ನೋಡಿಕೊಳ್ಳಿ.

ಇಳಿಹೊತ್ತನ್ನು ಆರಿಸುವುದಕ್ಕೆ ಇನ್ನೂ ಎರಡು ಕಾರಣಗಳಿವೆ. ಮೊದಲನೆಯದು ಬೆಟ್ಟ. ಕಣಿವೆಯಿಂದ ಈಶಾನ್ಯಕ್ಕೆ 3,286 ಮೀಟರ್ ಎತ್ತರದ ಮೌಂಟ್ ಬೇಕರ್ ಹಿಮ ಹೊದ್ದು ಕೂತಿದೆ. ಬೆಳಿಗ್ಗೆ ಸೂರ್ಯ ಆ ಕಡೆಯಿಂದಲೇ ಬರುವುದರಿಂದ ಬೆಟ್ಟ ಮಬ್ಬು. ಸಂಜೆ ಪಶ್ಚಿಮದ ಬಿಸಿಲು ನೇರ ಅದರ ಮೇಲೆ ಬೀಳುತ್ತದೆ. ಮೋಡವಿಲ್ಲದಿದ್ದರೆ ಅಂತ ಸೇರಿಸಬೇಕು. ವಾಷಿಂಗ್ಟನ್ ರಾಜ್ಯದಲ್ಲಿ ಆ ಷರತ್ತು ಸಣ್ಣದಲ್ಲ. ಎರಡನೆಯದು ಹೂವಿನ ಆಕಾರ. ಟ್ಯುಲಿಪ್ ರಾತ್ರಿ ಮುಚ್ಚುತ್ತದೆ, ಬಿಸಿಲೇರಿದಂತೆ ತೆರೆಯುತ್ತದೆ. ಬೆಚ್ಚಗಾದಾಗ ಎಸಳಿನ ಒಳಮೈ ಬೇಗ ಬೆಳೆದು ಎಸಳನ್ನು ಹೊರಕ್ಕೆ ತಳ್ಳುತ್ತದೆ, ತಣ್ಣಗಾದಾಗ ಹೊರಮೈ ಬೆಳೆದು ಒಳಕ್ಕೆ ದೂಡುತ್ತದೆ. ಬಿಸಿಲಿನ ದಿನ ಮಧ್ಯಾಹ್ನ ಎರಡಕ್ಕೆ ಹೋದರೆ ಎಸಳು ಪೂರ್ತಿ ಬಿಚ್ಚಿ, ಒಳಗಿನ ಕಪ್ಪು ಕೇಸರಗಳೆಲ್ಲ ಬಯಲಾಗಿ, ದೂರದಿಂದ ಅದು ಟ್ಯುಲಿಪ್ ಅನ್ನಿಸುವುದೇ ಇಲ್ಲ. ಐದರ ಮೇಲೆ ಗಾಳಿ ತಂಪಾಗುತ್ತಿದ್ದಂತೆ ಮತ್ತೆ ಬಟ್ಟಲಿನ ಆಕಾರಕ್ಕೆ ಬರುತ್ತದೆ. ಮೋಡದ ದಿನವಾದರೆ ಇಡೀ ದಿನ ಬಟ್ಟಲಾಗಿಯೇ ಇರುತ್ತದೆ.

ಈಗ ನಿಮ್ಮ ಕೆಂಪು ಮುದ್ದೆಯ ಸಮಸ್ಯೆ. ಇದು ಲೆನ್ಸಿನ ದೋಷವಲ್ಲ, ಫೋಕಸ್ ದೋಷವೂ ಅಲ್ಲ. ಕ್ಯಾಮೆರಾದ ಸೆನ್ಸರ್‌ನಲ್ಲಿ ಅರ್ಧದಷ್ಟು ಚುಕ್ಕೆಗಳು ಹಸಿರಿಗೆ, ಕಾಲು ಭಾಗ ಕೆಂಪಿಗೆ, ಕಾಲು ನೀಲಿಗೆ ಮೀಸಲು. ಬೆಳಕು ಸಾಕೇ ಬೇಕೇ ಎಂದು ತೋರಿಸುವ ಬಿಳಿಯ ಗ್ರಾಫಿನಲ್ಲೂ, ಅಂದರೆ ಹಿಸ್ಟೋಗ್ರಾಮಿನಲ್ಲೂ, ಹಸಿರಿನದೇ ಮೇಲುಗೈ. ಅಪ್ಪಟ ಕೆಂಪು ಹೊಲದ ಮುಂದೆ ನಿಂತಾಗ ಕೆಂಪಿನ ಚುಕ್ಕೆಗಳು ಆಗಲೇ ತುಂಬಿ ತುಳುಕಿರುತ್ತವೆ, ಆದರೆ ಕ್ಯಾಮೆರಾ ಎಲ್ಲ ಸರಿಯಿದೆ ಅನ್ನುತ್ತದೆ. ತುಂಬಿದ ಮೇಲೆ ಎಸಳಿನ ಗೆರೆ, ಮಡಿಕೆ, ನೆರಳು ಎಲ್ಲಕ್ಕೂ ಒಂದೇ ಬೆಲೆ ಬಂದು ಬಣ್ಣ ಬಳಿದ ಗೋಡೆಯಾಗುತ್ತದೆ. ಮೆನುವಿನಲ್ಲಿ ಮೂರು ಬಣ್ಣ ಬೇರೆ ಬೇರೆಯಾಗಿ ತೋರಿಸುವ ಹಿಸ್ಟೋಗ್ರಾಮ್ ಆರಿಸಿ, ಕೆಂಪಿನ ಗುಡ್ಡ ಬಲಗಡೆ ಗೋಡೆಗೆ ಒರಗಿದೆಯೇ ನೋಡಿ. ಒರಗಿದ್ದರೆ ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಚಿತ್ರದ ಬೆಳಕನ್ನು ಏರಿಸುವ, ಇಳಿಸುವ ಗುಂಡಿ) ಮೈನಸ್ 2/3ಕ್ಕೆ, ಸಾಲದಿದ್ದರೆ ಮೈನಸ್ 1ಕ್ಕೆ ಇಳಿಸಿ. ಚಿತ್ರ ಕ್ಯಾಮೆರಾದ ಪರದೆಯಲ್ಲಿ ಸ್ವಲ್ಪ ಕಪ್ಪಗೆ ಕಾಣುತ್ತದೆ, ಹೆದರಬೇಡಿ. ರಾ ಫೈಲ್‌ನಲ್ಲಿ ತೆಗೆದಿದ್ದರೆ ನೆರಳನ್ನು ಆಮೇಲೆ ಎತ್ತಬಹುದು. ಸುಟ್ಟುಹೋದ ಕೆಂಪನ್ನು ಯಾವ ಸಾಫ್ಟ್‌ವೇರೂ ಪೂರ್ತಿಯಾಗಿ ಮರಳಿಸಲಾರದು. ಕ್ಯಾಮೆರಾದಲ್ಲಿ ‘ವಿವಿಡ್’ ಥರದ ಪ್ರೊಫೈಲ್ ಇದ್ದರೆ ತೆಗೆದುಹಾಕಿ. ಮನೆಗೆ ಬಂದು ಎಡಿಟ್ ಮಾಡುವಾಗಲೂ ಸ್ಯಾಚುರೇಶನ್ ಬಟನ್ ಮುಟ್ಟುವ ಕೈಯನ್ನು ಹಿಡಿದುಕೊಳ್ಳಿ. ಟ್ಯುಲಿಪ್ಪಿನ ಕೆಂಪಿಗೆ ನಮ್ಮ ಸಹಾಯ ಬೇಕಿಲ್ಲ.

ಅಪ್ಪನ ಫೋನಿಗೂ ಇದೇ ಮದ್ದು: ಪರದೆಯಲ್ಲಿ ಕೆಂಪು ಹೂವಿನ ಮೇಲೆ ಬೆರಳಿಟ್ಟು, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಕೆಳಗೆ ಎಳೆಯಲು ಹೇಳಿಕೊಡಿ. ಎರಡು ನಿಮಿಷದ ಪಾಠ.

ನೇರಳೆ ಹೊಲದ ಮುಂದೆ ಬೆಳಕಿಗೆ ತಕ್ಕಂತೆ ಬಣ್ಣ ಹೊಂದಿಸುವ ಆಟೋ ವೈಟ್ ಬ್ಯಾಲೆನ್ಸ್ ಗಲಿಬಿಲಿಗೊಂಡು ಇಡೀ ಚಿತ್ರಕ್ಕೆ ಹಸಿರು ಛಾಯೆ ಬಳಿಯುತ್ತದೆ. ಬಿಸಿಲಿಗೆ ‘ಡೇಲೈಟ್’, ಮೋಡಕ್ಕೆ ‘ಕ್ಲೌಡಿ’ ಎಂದು ಕೈಯಾರೆ ಇಟ್ಟರೆ ಆ ರಗಳೆ ಮುಗಿಯಿತು.

ಎಲ್ಲಿ ನಿಲ್ಲಬೇಕು ಅನ್ನುವುದಕ್ಕಿಂತ ಎಷ್ಟು ಬಗ್ಗಬೇಕು ಅನ್ನುವುದು ಮುಖ್ಯ. ನೆಟ್ಟಗೆ ನಿಂತು ನೋಡಿದರೆ ಸಾಲು ಸಾಲಿನ ನಡುವೆ ಕಂದು ಕೆಸರಿನ ಪಟ್ಟಿ ಕಾಣುತ್ತದೆ. ಹೂವಿಗಿಂತ ಎಲೆಯೇ ಜಾಸ್ತಿ. ಕ್ಯಾಮೆರಾವನ್ನು ನಿಧಾನವಾಗಿ ಕೆಳಗಿಳಿಸುತ್ತಾ ಬನ್ನಿ, ಪರದೆಯನ್ನು ಮೇಲಕ್ಕೆ ತಿರುಗಿಸಿಕೊಂಡು. ಸೊಂಟದ ಹತ್ತಿರ ಬಂದಾಗ ಕೆಸರು ಕಿರಿದಾಗುತ್ತದೆ. ಮಂಡಿಯ ಮಟ್ಟಕ್ಕೆ ಬರುವಾಗ ಹಿಂದಿನ ಸಾಲಿನ ಹೂಗಳು ಮುಂದಿನ ಸಾಲಿನ ತಲೆಗೆ ತಾಗಿ ಮಣ್ಣು ಪೂರ್ತಿ ಮಾಯ. ಇನ್ನೂ ಇಳಿಸಿದರೆ ಮುಂದಿನ ಸಾಲೇ ಗೋಡೆಯಾಗಿ ಹಿಂದಿನದೆಲ್ಲ ಮುಚ್ಚಿಹೋಗುತ್ತದೆ. ನಿಮಗೆ ಬೇಕಾದ ಎತ್ತರ ಇವೆರಡರ ನಡುವಿನ ಒಂದು ಗೇಣು. ಅಲ್ಲಿ ಲೆನ್ಸನ್ನು 105ಕ್ಕೆ ಎಳೆದು, ಸಾಲಿಗೆ ಅಡ್ಡಲಾಗಿ ತೆಗೆಯಿರಿ: ಹಳದಿ, ಕೆಂಪು, ಬಿಳಿ, ನೇರಳೆ ಪಟ್ಟಿಗಳು ಒಂದರ ಮೇಲೊಂದು ಕೂರುತ್ತವೆ, ಜನ ಹೂವಿನ ಹಿಂದೆ ಅಡಗುತ್ತಾರೆ. ಬೇಕರ್ ಬೆಟ್ಟ ಕಾಣುತ್ತಿದ್ದರೆ ಅದಕ್ಕೂ ಇದೇ ಉದ್ದನೆಯ ಲೆನ್ಸ್ ಬೇಕು. ವೈಡ್‌ನಲ್ಲಿ ಆ ದೊಡ್ಡ ಬೆಟ್ಟ ಉಗುರಿನಷ್ಟಾಗಿಬಿಡುತ್ತದೆ.

24 ಎಂಎಂನ ಕೆಲಸ ಬೇರೆ. ಸಾಲಿನ ತುದಿಯಲ್ಲಿ, ದಾರಿಯ ಮೇಲೆಯೇ ಕೂತು, ಸಾಲುಗಳು ದೂರದಲ್ಲಿ ಒಂದು ಬಿಂದುವಿಗೆ ಸೇರುವ ಹಾಗೆ ತೆಗೆಯುವುದು. ಲೆನ್ಸಿನ ಕಿಂಡಿಯನ್ನು ಎಫ್ 11ಕ್ಕೆ ಇಟ್ಟು, ಸುಮಾರು 1.8 ಮೀಟರ್ ದೂರದ ಹೂವಿಗೆ ಫೋಕಸ್ ಮಾಡಿದರೆ ಫುಲ್ ಫ್ರೇಮಿನಲ್ಲಿ 90 ಸೆಂಟಿಮೀಟರ್‌ನಿಂದ ಬೆಟ್ಟದವರೆಗೆ ಎಲ್ಲ ಸ್ಪಷ್ಟ ಬರುತ್ತದೆ. ಗಾಳಿಯಿದ್ದೇ ಇರುತ್ತದೆ, ಟ್ಯುಲಿಪ್ಪಿನ ಕುತ್ತಿಗೆ ಉದ್ದ, ತಲೆ ಭಾರ. ಶಟರ್ ವೇಗ 1/250ಕ್ಕಿಂತ ಕಡಿಮೆಯಾಗದಿರಲಿ, ಅದಕ್ಕಾಗಿ ಐಎಸ್‌ಒ 800ಕ್ಕೆ ಏರಿಸಿದರೂ ಚಿಂತೆಯಿಲ್ಲ. ಈ ವೇಗಕ್ಕೆ ಟ್ರೈಪಾಡ್ ಅನಾವಶ್ಯಕ, ಕಿರಿದಾದ ದಾರಿಯಲ್ಲಿ ಬೇರೆಯವರ ಕಾಲಿಗೂ ತೊಡಕು.

ಇಳಿಬಿಸಿಲಿನಲ್ಲಿ ಒಮ್ಮೆಯಾದರೂ ಸೂರ್ಯನ ಕಡೆಗೆ ಮುಖ ಮಾಡಿ ಕೂತುಕೊಳ್ಳಿ. ಹೂವಿನ ಹಿಂದಿನಿಂದ ಬೆಳಕು ಬಂದಾಗ ಎಸಳು ಒಳಗಿನಿಂದಲೇ ಉರಿಯುತ್ತದೆ, ನರಗಳೂ ಲೆಕ್ಕಕ್ಕೆ ಸಿಗುತ್ತವೆ. ಸೂರ್ಯನನ್ನು ಚೌಕಟ್ಟಿನಿಂದ ಹೊರಗಿಟ್ಟು, ಲೆನ್ಸಿಗೆ ಅಂಗೈಯ ನೆರಳು ಕೊಡಿ. ಹಳದಿ ಮತ್ತು ಕಿತ್ತಳೆ ಹೂಗಳಿಗೆ ಇದು ಬಹಳ ಒಪ್ಪುತ್ತದೆ. ಕಡು ನೇರಳೆಗೆ ಅಷ್ಟಕ್ಕಷ್ಟೆ.

ಮಳೆ ಬಂದರೆ ಪ್ರವಾಸ ಮುಂದೂಡಬೇಡಿ, ಜೋರು ಗಾಳಿಯಿದ್ದರೆ ಮುಂದೂಡಿ. ತೆಳುಮೋಡದ ಬೆಳಕಿಗೆ ಹೂವಿನ ಬಣ್ಣವೂ ಮನುಷ್ಯರ ಮುಖವೂ ಚೆನ್ನಾಗಿ ಒದಗುತ್ತವೆ. ಬೂದು ಆಕಾಶವನ್ನು ಮಾತ್ರ ಚಿತ್ರದಿಂದ ಹೊರಗಿಡಿ. ಒದ್ದೆ ಎಲೆಗಳ ಹೊಳಪು ಕಣ್ಣಿಗೆ ಹೊಡೆಯುತ್ತಿದ್ದರೆ ಲೆನ್ಸಿಗೆ ಪೋಲರೈಸರ್ ಫಿಲ್ಟರ್ ಹಾಕಿ ತಿರುಗಿಸಿ, ಅಡಗಿದ್ದ ಹಸಿರು ಹೊರಬರುತ್ತದೆ. ಕಣಿವೆಯ ಮಣ್ಣು ಸ್ಕ್ಯಾಜಿಟ್ ನದಿ ತಂದು ಹಾಸಿದ ಮೆಕ್ಕಲು, ನೆನೆದರೆ ಅಂಟು. ಎಲ್ಲರಿಗೂ ಗಂಬೂಟು ಅಥವಾ ಹಳೆಯ ಶೂ, ಕಾರಿನಲ್ಲಿ ಬದಲಾಯಿಸಲು ಇನ್ನೊಂದು ಜೊತೆ. ಅಮ್ಮನಿಗೆ ಊರುಗೋಲು ಇದ್ದರೆ ನಾಚಿಕೆಪಡದೆ ಹಿಡಿದುಕೊಳ್ಳಲಿ.

ಅಮ್ಮ ಸೀರೆ ಉಡುತ್ತಾರಲ್ಲವೇ? ದಯವಿಟ್ಟು ಉಡಲಿ. ಚಳಿ ಅಂತ ಕಪ್ಪು ಜಾಕೆಟ್ ಹಾಕಿಸಿ ನಿಲ್ಲಿಸಿದ ಫೋಟೋಗಳು ಎಲ್ಲರ ಮನೆಯಲ್ಲೂ ಇವೆ. ಒಳಗೆ ಥರ್ಮಲ್, ಮೇಲೆ ಸೀರೆ. ಜಾಕೆಟ್ಟನ್ನು ಫೋಟೋದ ಎರಡು ನಿಮಿಷ ನೀವು ಹಿಡಿದುಕೊಳ್ಳಿ. ಕೆಂಪು ಹೊಲಕ್ಕೆ ಕೆಂಪು ಸೀರೆ ಬೇಡ, ಮುಖ ಮಾತ್ರ ತೇಲಿದಂತಾಗುತ್ತದೆ. ಕೆನೆಬಣ್ಣ, ತಿಳಿನೀಲಿ, ನವಿಲುಬಣ್ಣದ ಮೈಸೂರು ಸಿಲ್ಕ್ ಯಾವ ಹೊಲಕ್ಕೂ ಹೊಂದುತ್ತದೆ. ದಟ್ಟ ಬಣ್ಣದ ಹೂವಿಗೆ ತೀರಾ ಒತ್ತಿ ಕೂರಿಸಿದರೆ ಬಿಸಿಲಿನಲ್ಲಿ ಆ ಬಣ್ಣ ಗಲ್ಲದ ಕೆಳಗೆ ಪ್ರತಿಫಲಿಸುತ್ತದೆ, ಎರಡು ಹೆಜ್ಜೆ ದೂರವಿರಲಿ. ಸೂರ್ಯ ಅವರ ಬೆನ್ನಿಗಿದ್ದರೆ ಕಣ್ಣು ಕಿರಿದಾಗುವುದಿಲ್ಲ. ಆಗ ಹೂವಿಗಾಗಿ ಇಳಿಸಿದ್ದ ಎಕ್ಸ್‌ಪೋಶರನ್ನು ಮತ್ತೆ ಮೇಲೆತ್ತಿ ಮುಖಕ್ಕೆ ಸರಿಮಾಡಿ. ಈ ಚಿತ್ರದಲ್ಲಿ ಹಿಂದಿನ ಹೂ ಸ್ವಲ್ಪ ಬಿಳಚಿಕೊಂಡರೂ ಪರವಾಗಿಲ್ಲ. 105 ಎಂಎಂ, ಎಫ್ 4, ಕ್ಯಾಮೆರಾ ಅವರ ಎದೆಯ ಮಟ್ಟಕ್ಕೆ. ‘ನಗಿ’ ಅನ್ನಬೇಡಿ. ಅಪ್ಪ ಏನಾದರೂ ಮಾತಾಡಿಸುತ್ತಿರಲಿ, ಆ ನಡುವೆ ತೆಗೆಯಿರಿ.

ಕೊನೆಗೆ ಒಂದು, ನೀವು ಕೇಳದಿದ್ದರೂ ಅಮ್ಮ ಕೇಳಿಯೇ ಕೇಳುತ್ತಾರೆ: ಒಂದು ಗೆಡ್ಡೆ ಊರಿಗೆ ಒಯ್ಯಬಹುದೇ? ಬೇಡ. ಹೊರದೇಶದ ಗೆಡ್ಡೆ, ಬೀಜ, ಗಿಡ ಭಾರತಕ್ಕೆ ತರಲು ಆಮದು ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು. ಸೂಟ್‌ಕೇಸಿನಲ್ಲಿ ಅರಿಶಿನದ ಕೊಂಬಿನ ಪಕ್ಕ ಅಡಗಿಸುವ ಸಾಮಾನಲ್ಲ. ತಂದರೂ ಹಾಸನದ ಹಿತ್ತಲಿನಲ್ಲಿ ಅದಕ್ಕೆ ಬೇಕಾದಷ್ಟು ಚಳಿ ಸಿಗುವುದಿಲ್ಲ, ಹೆಚ್ಚುಕಡಿಮೆ ಮೂರು ತಿಂಗಳ ಕೊರೆತವಿಲ್ಲದೆ ಟ್ಯುಲಿಪ್ ನೆಟ್ಟಗೆ ಹೂ ಬಿಡದು. ಬದಲಿಗೆ ಅವರು ಮೆಚ್ಚಿದ ತಳಿಯ ಹೆಸರಿನ ಫಲಕವನ್ನು ಪ್ರದರ್ಶನ ತೋಟದಲ್ಲೇ ಫೋನಿನಲ್ಲಿ ತೆಗೆದುಕೊಳ್ಳಿ. ಗೆಡ್ಡೆಗೆ ಆರ್ಡರ್ ಕೊಟ್ಟರೆ ಶರತ್ಕಾಲದಲ್ಲಿ ರೆಡ್ಮಂಡ್‌ನ ಮನೆಗೇ ಬರುತ್ತದೆ. ಅಕ್ಟೋಬರ್‌ನಲ್ಲಿ 15 ಸೆಂಟಿಮೀಟರ್ ಆಳಕ್ಕೆ, ಮೊನೆ ಮೇಲಾಗಿ ನೆಡಿ, ಮೇಲೆ ಒಂದು ತುಂಡು ತಂತಿಬಲೆ ಮುಚ್ಚಿ. ಇಲ್ಲದಿದ್ದರೆ ಅಳಿಲುಗಳು ಒಂದನ್ನೂ ಬಿಡುವುದಿಲ್ಲ.